ಕತ್ತರಿಯಕ್ಕನ ಸೇವಂತಿಗೆ ಮತ್ತು ಸಂಜೆಯ ದೀಪ

ಅವಳನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಗಿಡ ಸವರುವ ಕತ್ತರಿಯನ್ನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು ಎನ್ನುವುದು ಅದಕ್ಕೆ ಒಂದು ಕಾರಣ. ನಾಲಗೆಯೂ ಅಷ್ಟೇ ಹರಿತವಾಗಿತ್ತು ಎನ್ನುವುದು ಇನ್ನೊಂದು. ಯಾರಾದರೂ ಗಿಡ ಕೈಯಲ್ಲಿ ಹಿಡಿದು “ಇದಕ್ಕೆ ನೀರು ಹಾಕ್ಬೇಕಾ?” ಎಂದರೆ, “ಬೇಡ, ದಿನಾ ಹೋಗಿ ಮಾತಾಡಿಸಿ ಬನ್ನಿ, ಸಾಕು” ಎನ್ನುವವಳು. ಅಂಥ ಬಾಯನ್ನು ಸಹಿಸಿಕೊಂಡೂ ಜನ ಬರುತ್ತಿದ್ದರೆಂದರೆ, ಅವಳು ಕೊಟ್ಟ ಗಿಡ ಸಾಯುತ್ತಿರಲಿಲ್ಲ ಎಂದೇ ಅರ್ಥ.

ನರ್ಸರಿ ಶುರುಮಾಡಿದ್ದು ಅವಳ ಅತ್ತೆ. ರಸ್ತೆಗೆ ಮುಖ ಮಾಡಿದ ಉದ್ದನೆಯ ಸ್ವಂತ ಜಾಗ, ಕಬ್ಬಿಣದ ಪೈಪುಗಳ ಮೇಲೆ ಹಸಿರು ನೆರಳುಬಲೆ, ಹಿಂದೆ ಎರಡು ಕೋಣೆಯ ಮನೆ, ಅದರ ಹಿಂದೆ ಗೋಡೆ ಕಟ್ಟಿದ ಹಿತ್ತಲು. ಮದುವೆಯಾಗಿ ಬಂದಾಗ ಕತ್ತರಿಯಕ್ಕನಿಗೆ ಗುಲಾಬಿಗೂ ದಾಸವಾಳಕ್ಕೂ ವ್ಯತ್ಯಾಸ ಗೊತ್ತಿತ್ತು, ಅಷ್ಟೇ. ಉಳಿದದ್ದನ್ನೆಲ್ಲ ಅತ್ತೆ ಬೈದು ಬೈದು ಕಲಿಸಿದಳು. ಕಲಿತ ಮೇಲೆ ಸೊಸೆಯ ಕೈಯೇ ಮೇಲಾಯಿತು, ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕಷ್ಟ ಗಿಡ ಬೆಳೆಸುವುದರಲ್ಲಿ ಇರಲಿಲ್ಲ, ಜನರ ಮನಸ್ಸಿನಲ್ಲಿತ್ತು. ಒಂದು ಕಾಲಕ್ಕೆ ಎಲ್ಲರಿಗೂ ಹುಲ್ಲುಹಾಸು ಬೇಕಿತ್ತು. ಆಮೇಲೆ ಬಣ್ಣದೆಲೆಯ ಕ್ರೋಟನ್, ಆಮೇಲೆ ಬೋನ್ಸಾಯ್, ಅದಾದ ಮೇಲೆ ಗಾಜಿನ ಬಾಟಲಿಯೊಳಗೆ ಪಾಚಿ ಬೆಳೆಸುವ ಹುಚ್ಚು. ಕೊನೆಗೆ ಕಳ್ಳಿಗೆ ಅಂಟು ಹಚ್ಚಿ, ಒಣಗಿದ ಹೂ ಮೆತ್ತಿ, ಹೂಬಿಟ್ಟ ಕಳ್ಳಿ ಎಂದು ಮಾರುವ ಕಾಲವೂ ಬಂತು. ಅದನ್ನು ನೋಡಿ ಕತ್ತರಿಯಕ್ಕ ಮೂಗು ಮುರಿದಿದ್ದಳು. ಉಳಿದವನ್ನೆಲ್ಲ ಶ್ರದ್ಧೆಯಿಂದ ಬೆಳೆಸಿದಳು, ಪ್ರತಿ ಸಲವೂ ತಡವಾಗಿ. ಅವಳ ಕ್ರೋಟನ್ ಮೊಣಕಾಲೆತ್ತರ ಬರುವಷ್ಟರಲ್ಲಿ ಜನ ಬೋನ್ಸಾಯ್ ಕೇಳುತ್ತಿದ್ದರು. ಬೋನ್ಸಾಯ್‌ನ ವಿಷಯವಂತೂ ಕೇಳಲೇಬೇಡಿ, ಅದಕ್ಕೆ ಆಕಾರ ಬರುವ ಹೊತ್ತಿಗೆ ಕೇಳಿದವರ ಮಕ್ಕಳ ಮದುವೆಯಾಗಿರುತ್ತದೆ.

ಹೀಗಿರುವಾಗ ದೊಡ್ಡ ರಸ್ತೆಯಲ್ಲಿ ದೊಡ್ಡ ಗಾರ್ಡನ್ ಅಂಗಡಿ ತೆರೆಯಿತು. ಗಾಜಿನ ಬಾಗಿಲು, ತಂಪು ಗಾಳಿ, ಗಿಡ ಇಟ್ಟು ತಳ್ಳುವ ಗಾಡಿ. ಕತ್ತರಿಯಕ್ಕನ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಜಾರಿದರು. ಇಲ್ಲಿಗೆ ಬರುವುದನ್ನು ಪೂರ್ತಿ ಬಿಟ್ಟರೆಂದಲ್ಲ. ಅಲ್ಲಿ ಕೊಂಡ ಗಿಡದ ಎಲೆ ಹಳದಿಯಾದಾಗ ಅದನ್ನೆತ್ತಿಕೊಂಡು ಇಲ್ಲಿಗೆ ಬಂದು, “ಅಕ್ಕ, ಇದಕ್ಕೇನಾಗಿದೆ ನೋಡಿ” ಎನ್ನುತ್ತಿದ್ದರು. ನಾಚಿಕೆ ಎನ್ನುವುದು ಮನುಷ್ಯರಿಗೆ ಇರಬೇಕಪ್ಪ. ಅವಳು ನೋಡಿ ಹೇಳಿಯೂ ಕಳಿಸುತ್ತಿದ್ದಳು, ಅದು ಅವಳ ಕರ್ಮ.

ಗಂಡ ಊರವರ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಒಂದು ದಿನ ಗುಜರಿಯವನನ್ನು ಕರೆತಂದು ನೆರಳುಮನೆಯ ಪೈಪುಗಳ ಅಳತೆ ತೆಗೆಸಿದ. ಪೈಪು ಮಾರಿ, ಜಾಗವನ್ನು ಕಾರು ನಿಲ್ಲಿಸುವವರಿಗೆ ಬಾಡಿಗೆಗೆ ಕೊಡುವ ಯೋಚನೆ ಅವನದು.

“ನಿನ್ನ ಕೈಯಲ್ಲಿ ಆಗಲ್ಲ ಅಂತಲ್ಲ. ಕೊಳ್ಳೋರೇ ಇಲ್ವಲ್ಲ, ಏನು ಮಾಡ್ತೀಯ?” ಎಂದ.

“ಈ ಒಂದು ಸಲ ಹೂವಿನ ಕಾಲ ಕಳೀಲಿ ಕಣ್ರೀ. ನಾನೇ ಬೇಡ ಅಂದ್ಮೇಲೆ ಕಿತ್ಕೊಂಡು ಹೋಗಿ,” ಎಂದು ಬೇಡಿಕೊಂಡಳು ಕತ್ತರಿಯಕ್ಕ. ಅವಳು ಯಾರನ್ನಾದರೂ ಬೇಡಿಕೊಂಡದ್ದನ್ನು ಅವನು ಆವರೆಗೆ ಕಂಡಿರಲಿಲ್ಲ. ಗುಜರಿಯವನನ್ನು ಹಿಂದಕ್ಕೆ ಕಳಿಸಿದ.

ಆಗ ಬೆನ್ನಿಗೆ ನಿಂತವಳು ನಾದಿನಿ. ಮೊಬೈಲ್ ಅಂಗಡಿಯಲ್ಲಿ ಕೆಲಸ, ಅಣ್ಣನ ಮನೆಯಲ್ಲೇ ವಾಸ, ಅತ್ತಿಗೆಯೆಂದರೆ ಪ್ರಾಣ. “ಅತ್ತಿಗೆ, ನಿಮ್ಮ ಬಾಯೇ ಬಂಡವಾಳ. ಸಂಜೆ ಫೋನಲ್ಲಿ ಲೈವ್ ಮಾಡೋಣ. ನೀವು ಹೀಗೇ ಬೈತಾ ಇರಿ, ಉಳಿದದ್ದು ನಾನು ನೋಡ್ಕೋತೀನಿ,” ಎಂದಳು. ಅಂಗಡಿಯಿಂದ ವಿಡಿಯೊಗೆ ಬೆಳಕು ಕೊಡುವ ಒಂದು ಉಂಗುರದೀಪ ತಂದಳು. ಎರಡು ಬಿಳಿ ದೀಪಗಳನ್ನು ಪೈಪಿಗೆ ಕಟ್ಟಿದಳು. ಕತ್ತಲಾದ ಮೇಲೆ, ಜನ ಕೆಲಸ ಮುಗಿಸಿ ಮನೆ ಸೇರಿದ ಹೊತ್ತಿಗೆ, ಕತ್ತರಿಯಕ್ಕ ಫೋನಿನ ಮುಂದೆ ನಿಂತು ಬೇರು ಬಿಡಿಸಿದಳು, ಕುಡಿ ಚಿವುಟಿದಳು, ನೀರು ಸುರಿದು ಸುರಿದು ಗಿಡ ಕೊಲ್ಲುವವರನ್ನು ಮನಸಾರೆ ಬೈದಳು. ಜನಕ್ಕೆ ಅದು ಹಿಡಿಸಿಬಿಟ್ಟಿತು. ನೋಡುವವರು ದಿನದಿನಕ್ಕೆ ಹೆಚ್ಚಿದರು.

ಒಂದು ಮಧ್ಯಾಹ್ನ ದೊಡ್ಡ ಅಂಗಡಿಯ ಖರೀದಿ ಮೇಡಂ ಕಾರಿನಲ್ಲಿ ಬಂದಿಳಿದಳು. ಈ ಸಲದ ಬಣ್ಣ ಇಟ್ಟಿಗೆ ಕೆಂಪು ಎಂದಳು. ಗೋಡೆಗೆ ಅದೇ, ಪರದೆಗೆ ಅದೇ, ಇನ್ನು ಕುಂಡದ ಹೂವಿಗೂ ಅದೇ. ಅಂಗಡಿಯ ಹೂವಿನ ವಾರಕ್ಕೆ ಇಟ್ಟಿಗೆ ಕೆಂಪು ಸೇವಂತಿಗೆ ಕುಂಡಗಳು ಬೇಕು, ಅಂಗಡಿಯ ಮುಂಭಾಗದ ಮೇಜುಗಳೆಲ್ಲ ನಿಮ್ಮ ಗಿಡಗಳಿಗೇ ಎಂದಳು.

“ಹೇಳಿದ ದಿನಕ್ಕೆ ಮೊಗ್ಗು ಬಣ್ಣ ತೋರಿಸ್ತಿರಬೇಕು. ಅದೊಂದು ಸರಿಯಾದರೆ ವರ್ಷವಿಡೀ ನಿಮ್ಮಿಂದಲೇ ತಗೋತೀವಿ. ಮತ್ತೆ ಲೈವಲ್ಲಿ ಈ ಗಿಡಗಳನ್ನ ದಿನಾ ತೋರಿಸ್ತಾ ಇರಿ. ಜನ ಕಾಯ್ತಾ ಇರಬೇಕು.”

ಅವತ್ತು ಕತ್ತರಿಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುಜರಿಯವನ ಫೋನು ಬಂದರೆ ತೆಗೆಯಬೇಡಿ ಎಂದು ಗಂಡನಿಗೆ ತಾಕೀತು ಮಾಡಿದಳು.

ಸೇವಂತಿಗೆಯ ಗುಟ್ಟು ಕತ್ತಲೆಯಲ್ಲಿದೆ. ರಾತ್ರಿ ಉದ್ದವಾದರೆ ಮಾತ್ರ ಅದು ಮೊಗ್ಗು ಕಟ್ಟುವುದು. ಹಗಲು ದೊಡ್ಡದಿರುವ ಕಾಲದಲ್ಲಿ ಹೂ ಬೇಕೆಂದರೆ, ಬಿಸಿಲಿರುವಾಗಲೇ ಮಡಿಗಳ ಮೇಲೆ ದಪ್ಪ ಕಪ್ಪು ಬಟ್ಟೆ ಎಳೆದು, ಬೆಳಿಗ್ಗೆ ತೆಗೆಯಬೇಕು. ಹೂ ಬೇಗ ಬೇಡವೆಂದರೆ ಸಂಜೆ ಗಿಡದ ಮೇಲೆ ದೀಪ ಉರಿಸಿದರಾಯಿತು, ಬರೀ ಎಲೆ ಬಿಡುತ್ತ ನಿಲ್ಲುತ್ತದೆ. ಕಸುಬಿನವರಿಗೆಲ್ಲ ಗೊತ್ತಿರುವ ಉಪಾಯ ಇದು. ಕತ್ತರಿಯಕ್ಕನೇ ಎಷ್ಟೋ ಸಲ ಹಾಗೆ ದೀಪ ಹಾಕಿ ಹೂವನ್ನು ತಡೆದು ನಿಲ್ಲಿಸಿದ್ದಳು. ಗೊತ್ತಿಲ್ಲದೆ ಕೆಟ್ಟಳು ಎಂದು ಹೇಳುವಂತಿಲ್ಲ, ನನಗೆ ಸಂಕಟವಾಗುವುದೂ ಅದಕ್ಕೇ.

ಸಂಜೆಯಾಗುವ ಮೊದಲೇ ಅತ್ತೆ ಒಂದು ತುದಿ, ಸೊಸೆ ಒಂದು ತುದಿ ಹಿಡಿದು ಬಟ್ಟೆ ಎಳೆಯುತ್ತಿದ್ದರು. ಕತ್ತಲಾದ ಮೇಲೆ ಲೈವ್. “ಅಕ್ಕ, ಇಟ್ಟಿಗೆ ಕೆಂಪು ಎಲ್ಲಿ? ಬಟ್ಟೆ ತೆಗೀರಿ, ನೋಡೋಣ,” ಎಂದು ನೋಡುವವರು ಬರೆದರು. ಮೊದಲ ದಿನ ಅವಳು ಒಂದು ಮೂಲೆ ಎತ್ತಿ ತೋರಿಸಿ ಮುಚ್ಚಿದಳು. ಮರುದಿನ ಅರ್ಧ ಮಡಿ. ಬಟ್ಟೆ ಎತ್ತುತ್ತಿದ್ದಂತೆ ಫೋನಿನ ತುಂಬ ಹೃದಯಗಳು ತೇಲಿಬರುತ್ತಿದ್ದವು, ಮುಚ್ಚಿದರೆ ಜನ ಎದ್ದು ಹೋಗುತ್ತಿದ್ದರು. ಬರಬರುತ್ತ ಲೈವ್ ಮುಗಿಯುವವರೆಗೂ ಬಟ್ಟೆ ಪಕ್ಕದಲ್ಲೇ ಬಿದ್ದಿರತೊಡಗಿತು. ಮುಗಿದ ಮೇಲೂ ನಾದಿನಿ ದೀಪ ಆರಿಸದೆ ಫೋಟೊ ತೆಗೆಯುತ್ತ ಕೂರುತ್ತಿದ್ದಳು.

ಅತ್ತೆ ಒಮ್ಮೆ ಬಾಗಿಲಿಗೆ ಬಂದು ನಿಂತಳು. “ಕತ್ತಲಾದ್ಮೇಲೆ ಬಟ್ಟೆ ಮುಟ್ಬಾರದು ಅಂತ ಹೇಳಿಕೊಟ್ಟಿದ್ನಲ್ಲ. ಮರೆತುಹೋಯ್ತಾ?”

“ಅತ್ತೆ, ನಿಮ್ಮ ಕಾಲದಲ್ಲಿ ಜನ ತಾವಾಗಿ ಬರ್ತಿದ್ರು. ಈಗ ತೋರಿಸ್ದೆ ಇದ್ರೆ ನಾವು ಬದುಕಿದ್ದೀವಿ ಅಂತಲೂ ಯಾರಿಗೂ ಗೊತ್ತಾಗಲ್ಲ. ಇಷ್ಟು ದೀಪಕ್ಕೆ ಏನೂ ಆಗಲ್ಲ. ನೀವು ಒಳಗೆ ಹೋಗಿ.”

ಲೈವ್ ನಡೆಯುತ್ತಲೇ ಇತ್ತು. ಸೊಸೆಯ ಮಾತನ್ನು ಊರೆಲ್ಲ ಕೇಳಿತು, ಯಾರೋ ನಗುವ ಇಮೋಜಿಯನ್ನೂ ಕಳಿಸಿದರು. ಅತ್ತೆ ಒಳಗೆ ಹೋದಳು. ಆಮೇಲೆ ಆ ವಿಷಯ ಎತ್ತಲಿಲ್ಲ, ಸಂಜೆ ಬಟ್ಟೆಯ ತುದಿ ಹಿಡಿಯುವುದನ್ನೂ ಬಿಡಲಿಲ್ಲ.

ಗಿಡಗಳು ಬೆಳೆದವು. ಎಂಥ ಚಂದ ಬೆಳೆದವು! ಕಡುಹಸಿರು ಎಲೆ, ತುಂಬಿದ ಮೈ. “ವಾವ್ ಅಕ್ಕ, ನಿಮ್ಮ ಕೈಗುಣ” ಎಂದು ಜನ ಹೊಗಳಿದರು. ಮೊಗ್ಗಿನ ಕಾಳು ಕಾಣಿಸಿಕೊಳ್ಳಬೇಕಾದ ಹೊತ್ತು ಬಂದು ದಾಟಿತು. ಕತ್ತರಿಯಕ್ಕ ಬೆಳಿಗ್ಗೆ ಎದ್ದವಳೇ ಕುಡಿ ಕುಡಿಯನ್ನೂ ಉಗುರಿನಲ್ಲಿ ಬಿಡಿಸಿ ನೋಡುವಳು. ಎಲೆಯೊಳಗೆ ಎಲೆ, ಅದರೊಳಗೆ ಇನ್ನೂ ಎಲೆ. ಮೋಡ ಜಾಸ್ತಿ, ಅದಕ್ಕೇ ತಡ ಎಂದುಕೊಂಡಳು. ಸಸಿ ಕೊಟ್ಟವನು ಮೋಸ ಮಾಡಿರಬೇಕು ಎಂದುಕೊಂಡಳು. ದೀಪದ ಮಾತನ್ನು ಮಾತ್ರ ಮನಸ್ಸಿನ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಊಟ ಸೇರುತ್ತಿರಲಿಲ್ಲ. ನೀರು ಹಾಕುವಾಗ ಒಬ್ಬಳೇ ಗಿಡಗಳ ಹತ್ತಿರ ಗೋಗರೆಯುತ್ತಿದ್ದಳು.

ಒಂದು ಬೆಳಿಗ್ಗೆ ಪೈಪು ಸರಿಮಾಡಲೆಂದು ನೀರಿನ ತೊಟ್ಟಿಯ ಹಿಂದಕ್ಕೆ ಹೋದಳು. ಅಲ್ಲಿ, ಜಾಗ ಸಾಲದೆ ಇಟ್ಟಿದ್ದ ಒಂದು ಸಾಲು ಕುಂಡಗಳಿದ್ದವು. ಅವೇ ಸಸಿ, ಅದೇ ಮಣ್ಣು, ಅದೇ ಗೊಬ್ಬರ. ತೊಟ್ಟಿ ಅಡ್ಡ ಇದ್ದುದರಿಂದ ಫೋನಿಗೆ ಅವು ಕಾಣುತ್ತಿರಲಿಲ್ಲ, ಹಾಗಾಗಿ ಅವುಗಳ ಮೇಲಿನ ಬಟ್ಟೆಯನ್ನು ಯಾರೂ ಎತ್ತಿರಲಿಲ್ಲ. ಪ್ರತಿ ಕುಡಿಯ ತುದಿಯಲ್ಲೂ ಮೊಗ್ಗಿತ್ತು. ಕೆಲವು ಆಗಲೇ ಬಿರಿದು ಕೆಂಪು ತೋರಿಸುತ್ತಿದ್ದವು.

ಅವಳು ಒದ್ದೆ ನೆಲದ ಮೇಲೇ ಕೂತುಬಿಟ್ಟಳು. ಇನ್ನು ಮೋಡವನ್ನಾಗಲಿ ಸಸಿ ಕೊಟ್ಟವನನ್ನಾಗಲಿ ದೂರುವ ಹಾಗಿರಲಿಲ್ಲ. ತನ್ನ ನರ್ಸರಿಯನ್ನು ತಾನೇ ದೀಪ ಹಿಡಿದು ಮುಗಿಸಿದ್ದಳು.

ಅವತ್ತಿನಿಂದ ಲೈವ್ ನಿಂತಿತು. ಬಟ್ಟೆಯನ್ನು ಹಗಲಿರುವಾಗಲೇ ಬಿಗಿಯಾಗಿ ಎಳೆದರು, ಆದರೆ ಕಾಲ ಮಿಂಚಿತ್ತು. ಹೂವಿನ ವಾರ ಬಾಗಿಲಿಗೆ ಬಂದಾಗ ನಾದಿನಿ ಅಳುಕುತ್ತಲೇ ಹೇಳಿದಳು: “ಅತ್ತಿಗೆ, ಮಾರ್ಕೆಟ್‌ನಿಂದ ಬಿಡಿ ಹೂ ತರೋಣ್ವಾ? ಅಂಟು ಹಾಕಿ...” ಹಿಂದೆ ಕಳ್ಳಿಯನ್ನು ನೋಡಿ ಮೂಗು ಮುರಿದವಳು ಈಗ ಬೇಡವೆನ್ನಲಿಲ್ಲ. ಹೂ ತರಿಸಿದಳು, ಅಂಟು ತರಿಸಿದಳು. ಒಂದೇ ಒಂದು ಗಿಡಕ್ಕೆ ಕುಡಿಗೊಂದರಂತೆ ಮೆತ್ತಿದಳು. ಬಿಸಿಲೇರುವ ಮೊದಲೇ ಹೂಗಳು ಕತ್ತು ಬಾಗಿಸಿದವು. ಬೆರಳಿಗೆ ಹಿಡಿದ ಅಂಟನ್ನು ಕಲ್ಲಿಗೆ ಉಜ್ಜುತ್ತ ಅವಳು ಗಟ್ಟಿಯಾಗಿ ಅತ್ತಳು. ಅತ್ತೆ ಬಂದು ಚೊಂಬಿನಿಂದ ಆ ಕೈಗಳಿಗೆ ನೀರು ಹೊಯ್ದಳು.

“ಅವತ್ತು ನಿಮ್ಮನ್ನ ಒಳಗೆ ಹೋಗಿ ಅಂದೆ, ಅತ್ತೆ.”

“ಇರ್ಲಿ ಬಿಡು. ಕೈ ಸರಿಯಾಗಿ ಹಿಡಿ.”

ಖರೀದಿ ಮೇಡಂ ಬಂದು ನೋಡಿದಳು. ಜೋರು ಮಾಡಲಿಲ್ಲ, ಮಾಡಿದ್ದರೆ ಎಷ್ಟೋ ವಾಸಿಯಿತ್ತು. “ಛೆ, ಗಿಡ ಎಷ್ಟು ಚೆನ್ನಾಗಿದೆ! ಆದರೆ ಎಲೆ ತಗೊಂಡು ನಾನೇನು ಮಾಡ್ಲಿ ಹೇಳಿ,” ಎಂದಳು. ತೊಟ್ಟಿಯ ಹಿಂದಿನ ಒಂದು ಸಾಲು ಅವಳ ಒಂದು ಮೇಜಿಗೂ ಸಾಲುತ್ತಿರಲಿಲ್ಲ. ಬೇರೆ ಊರಿನಿಂದ ಲಾರಿ ತರಿಸಿಕೊಂಡಳು. ಹೋಗುವಾಗ, ಗಿಡ ನೋಡಿಕೊಳ್ಳುವವರು ಅಂಗಡಿಗೆ ಬೇಕಾಗಿದ್ದಾರೆ, ಮನಸ್ಸಿದ್ದರೆ ಬನ್ನಿ ಎಂದಳು.

ಗುಜರಿಯವನು ಬಂದ ದಿನ ಕತ್ತರಿಯಕ್ಕ ತಾನೇ ನೆರಳುಬಲೆಯ ಹಗ್ಗ ಕತ್ತರಿಸಿಕೊಟ್ಟಳು. ಗಂಡ ಕುಂಡಗಳನ್ನೆಲ್ಲ ಹಿತ್ತಲ ಗೋಡೆಗೆ ಒತ್ತರಿಸಿಟ್ಟ. ಮುಂದಿನ ಜಾಗದಲ್ಲಿ ಕಾರುಗಳು ಬಂದು ನಿಂತವು. ಅವಳು ದೊಡ್ಡ ಅಂಗಡಿಯ ಹಸಿರು ಅಂಗಿ ತೊಟ್ಟು, ಅಲ್ಲಿಯ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿದಳು. ಸೊಂಟದ ಕತ್ತರಿಗೆ ಅಲ್ಲಿ ಅಪ್ಪಣೆ ಇರಲಿಲ್ಲ. ಗಿರಾಕಿಗಳಿಗೆ ಎದುರಾಡುವುದಕ್ಕೂ ಇರಲಿಲ್ಲ. ನೀರು ಹಾಕಬೇಕಾ ಎಂದು ಯಾರಾದರೂ ಕೇಳಿದರೆ ಈಗ ಅವಳು “ಹೂಂ, ಹಾಕ್ಬೇಕು” ಎನ್ನುತ್ತಿದ್ದಳು, ಅಷ್ಟೇ.

ಹಗಲು ಕಿರಿದಾಗುತ್ತ ಬಂತು. ಹಿತ್ತಲಿನಲ್ಲಿ ದೀಪವಿರಲಿಲ್ಲ, ಬಟ್ಟೆ ಎಳೆಯುವವರೂ ಇರಲಿಲ್ಲ. ಅತ್ತೆ ಮಾತ್ರ ದಿನಾ ಎರಡು ಕೊಡ ನೀರು ಹೊಯ್ಯುತ್ತಿದ್ದಳು. ಒಂದು ಸಂಜೆ ಕತ್ತರಿಯಕ್ಕ ಕೆಲಸದಿಂದ ಬಂದು ಕಾಲು ತೊಳೆಯಲು ಹಿತ್ತಲಿಗೆ ಹೋದರೆ ಗೋಡೆಯುದ್ದಕ್ಕೂ ಸೇವಂತಿಗೆ ಅರಳಿ ನಿಂತಿತ್ತು. ಎಲ್ಲ ಕುಂಡಗಳೂ, ಒಂದೂ ತಪ್ಪದೆ. ಉಳಿದಿದ್ದ ಮಸಕು ಬೆಳಕಿನಲ್ಲಿ ಇಟ್ಟಿಗೆ ಕೆಂಪೋ ಕಪ್ಪೋ ಗೊತ್ತಾಗುತ್ತಿರಲಿಲ್ಲ. ಇಷ್ಟರಲ್ಲಿ ದೊಡ್ಡ ಅಂಗಡಿಯಲ್ಲಿ ಆ ಬಣ್ಣದ ಮಾತೇ ನಿಂತಿತ್ತು, ಈಗ ಎಲ್ಲರೂ ಬಿಳಿ ಕೇಳುತ್ತಿದ್ದರು.

ಹಿಂದೆಯೇ ಬಂದ ನಾದಿನಿ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಅಭ್ಯಾಸಬಲದಿಂದ ಫೋನು ತೆಗೆದು ಅದರ ದೀಪ ಹೊತ್ತಿಸಲು ಹೋದಳು.

ಕತ್ತರಿಯಕ್ಕ ಅವಳ ಕೈ ಹಿಡಿದಳು. ಅರಳಿದ ಹೂವಿಗೆ ದೀಪದಿಂದ ಏನೂ ಆಗುವುದಿಲ್ಲ ಎಂದು ಕಸುಬು ಬಲ್ಲ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಬೇಡ ಕಣಮ್ಮ,” ಎಂದಳು. “ದೀಪ ಹಾಕ್ಬೇಡ.”