ಅರ್ಧ ಬಾವಿಯ ಮನೆ

ನಾನು ಮನೆ ಮಾರಿಸುವ ಬ್ರೋಕರ್. ಹೆಸರು ಪ್ರೇಮ್‌ಕುಮಾರ್. ಟಿನ್ ಫ್ಯಾಕ್ಟರಿಯಿಂದ ಕಗ್ಗದಾಸಪುರದವರೆಗೆ ನನಗೆ ಗೊತ್ತಿಲ್ಲದ ಗೇಟಿಲ್ಲ, ನನ್ನನ್ನು ನೋಡಿ ಬೊಗಳದ ನಾಯಿಯಿಲ್ಲ. ಸ್ಮಶಾನದ ಎದುರಿನ ಮನೆ ಮಾರಿಸಿದ್ದೇನೆ. ಕಾಂಪೌಂಡಿನೊಳಗೇ ಟ್ರಾನ್ಸ್‌ಫಾರ್ಮರ್ ನಿಂತಿದ್ದ ಮನೆ ಮಾರಿಸಿದ್ದೇನೆ. ಅಣ್ಣತಮ್ಮಂದಿರು ಜಗಳವಾಡಿ ಹಾಲಿನ ನಡುವೆ ಗೋಡೆ ಎಬ್ಬಿಸಿದ್ದ ಮನೆಯನ್ನು, ಇಬ್ಬರನ್ನೂ ಒಂದೇ ಆಟೋದಲ್ಲಿ ಕೂರಿಸಿಕೊಂಡು ಹೋಗಿ ರಿಜಿಸ್ಟರ್ ಮಾಡಿಸಿದ್ದೇನೆ. ಆದರೆ ಮುನಿಲಕ್ಷ್ಮಮ್ಮನ ಮನೆ ಮಾರಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಮುನಿಲಕ್ಷ್ಮಮ್ಮ ಸಿಟಿ ಬಸ್ಸಿನ ಕಂಡಕ್ಟರ್. ಆಕೆ 'ಒಳಗ್ ಹೋಗ್ರೀ' ಎಂದರೆ ಫುಟ್‌ಬೋರ್ಡಿನ ಮೇಲೆ ನೇತಾಡುವ ಕಾಲೇಜು ಹುಡುಗರು ಎರಡು ಸೀಟು ಒಳಗೆ ಸರಿಯುತ್ತಾರೆ. ಗಂಡ ತೀರಿಕೊಂಡಿದ್ದಾನೆ. ಮಗಳು ಧನುಶ್ರೀ ಹಲಸೂರಿನಲ್ಲಿ ನರ್ಸ್. ಮನೆಯಲ್ಲಿ ಇಬ್ಬರು ತಂಗಿಯರಿಗೂ ಪಾಲಿತ್ತು. ಪಾಲು ಕೇಳಿದ್ದು ನ್ಯಾಯವಾಗಿಯೇ ಇತ್ತು, ಆಕೆ ಅದಕ್ಕೆ ಬೇಸರವನ್ನೂ ಮಾಡಿಕೊಳ್ಳಲಿಲ್ಲ. 'ಮಾರಿ ಕೊಡು ಪ್ರೇಮ್' ಎಂದಳು. 'ಬೈಯಪ್ಪನಹಳ್ಳಿಲಿ ಒಂದು ಬಾಡಿಗೆ ಮನೆ ನೋಡ್ಕೋತೀನಿ. ಡಿಪೋಗೂ ಹತ್ರ. ಆದ್ರೆ ತಗೊಳ್ಳೋರು ಬಾವಿ ಮುಚ್ಚಬಾರ್ದು. ಹೊರಗಿಂದೂ ಮುಚ್ಚಬಾರ್ದು, ಒಳಗಿಂದೂ ಮುಚ್ಚಬಾರ್ದು.'

ಆ ಬಾವಿಯೇ ನನ್ನ ತಲೆನೋವು. ಕಗ್ಗದಾಸಪುರ ಹಳ್ಳಿಯಾಗಿದ್ದ ಕಾಲದ ಮನೆ ಅದು. ಮಣ್ಣಿನ ಗೋಡೆ, ನಾಡಹೆಂಚು, ಮುಂದೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಜಗಲಿ. ಸುತ್ತ ನಾಲ್ಕಂತಸ್ತಿನ ಬಾಡಿಗೆ ಕಟ್ಟಡಗಳು ಎದ್ದು ನಿಂತಿವೆ. ಇಷ್ಟೇ ಆಗಿದ್ದರೆ ಹಳೇ ಮನೆ ಎಂದು ಮಾರಿಬಿಡಬಹುದಿತ್ತು. ಆದರೆ ಅಡುಗೆಮನೆಯ ಹಿಂದಿನ ಗೋಡೆ ಸೀದಾ ಬಾವಿಯ ಮೇಲೆ ಹಾದುಹೋಗಿದೆ. ಬಾವಿಗೆ ಅಡ್ಡಲಾಗಿ ಉದ್ದನೆಯ ಕಲ್ಲು ಇಟ್ಟು, ಅದರ ಮೇಲೆ ಗೋಡೆ ಎಬ್ಬಿಸಿದ್ದಾರೆ. ಅರ್ಧ ಬಾವಿ ಅಡುಗೆಮನೆಯೊಳಗೆ, ಇನ್ನರ್ಧ ಹಿಂದಿನ ಓಣಿಯ ಕಡೆಗೆ. ಒಳಗೊಂದು ರಾಟೆ, ಹೊರಗೊಂದು ರಾಟೆ. ಹೊರಗಿನ ಅರ್ಧ ನಿಂತಿರುವ ಜಾಗವೂ ಪತ್ರದ ಪ್ರಕಾರ ಇವರದ್ದೇ, ಆದರೆ ಅದಕ್ಕೆ ಬೇಲಿಯಿಲ್ಲ, ಗೇಟಿಲ್ಲ. ಯಾರು ಬೇಕಾದರೂ ಬಂದು ಸೇದಿಕೊಳ್ಳಬಹುದು.

ಕಟ್ಟಿಸಿದವರು ಮುನಿಲಕ್ಷ್ಮಮ್ಮನ ತಾತ ಚಿನ್ನಪ್ಪ. ಅವರು ಹುಟ್ಟಿದ್ದು ಹೊಸಕೋಟೆಯಾಚೆಗಿನ ಒಂದು ಹಳ್ಳಿಯಲ್ಲಿ. ಅದರ ಹೆಸರನ್ನು ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿ ಊರಬಾವಿಯ ಕಟ್ಟೆ ಹತ್ತಲು ಇವರಿಗೆ ಬಿಡುತ್ತಿರಲಿಲ್ಲ. ಕೊಡ ಹಿಡಿದು ದೂರ ನಿಂತು, ಯಾರಾದರೂ ಮೇಲಿನಿಂದ ಸುರಿಯುವವರೆಗೆ ಕಾಯಬೇಕಿತ್ತು. ಚಿನ್ನಪ್ಪ ಒಂದು ದಿನ ಕೊಡವನ್ನು ಅಲ್ಲೇ ಒಡೆದು, ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದರಂತೆ. ಕೆರೆಯ ಪಕ್ಕದಲ್ಲಿ ಚೂರು ಜಾಗ ಕೊಂಡು ಮೊದಲು ತೋಡಿದ್ದು ಬಾವಿ. ಆಮೇಲೆ ಎದ್ದದ್ದು ಮನೆ, ಅದೂ ಬಾವಿಯ ಅರ್ಧ ಭಾಗವನ್ನು ಬೇಕೆಂದೇ ಹೊರಗೆ ಬಿಟ್ಟು. ನಮ್ಮ ನೀರಿಗೆ ಯಾರೂ ಕಾಯಬಾರದು, ಯಾರ ಜಾತಿಯನ್ನೂ ಯಾರೂ ಕೇಳಬಾರದು ಎಂಬುದು ಅವರ ಹಟ. ಮಗ ಮುಂದೆ ಬೌದ್ಧನಾದ. ಈಗ ಹಾಲಿನಲ್ಲಿ ಬುದ್ಧನ ಫೋಟೋ ಇದೆ, ಹಟವೂ ಹಾಗೇ ಇದೆ.

ಇದನ್ನೆಲ್ಲ ನಾನು ಗಿರಾಕಿಗಳಿಗೆ ಹೇಳಿದರೆ ಅವರು ಭಕ್ತಿಯಿಂದ ತಲೆಯಾಡಿಸಿ, ಕೊನೆಗೆ ಅದೇ ಪ್ರಶ್ನೆ ಕೇಳುತ್ತಿದ್ದರು. 'ಫಿಲ್ ಮಾಡಿಸಿದ್ರೆ ಎಷ್ಟ್ ಲೋಡ್ ಮಣ್ಣು ಬೇಕಾಗುತ್ತೆ?' ಒಬ್ಬ ಬಿಲ್ಡರ್ ಅಂತೂ ಬಾವಿಯೊಳಗೆ ಇಣುಕಿ, 'ಲಿಫ್ಟ್‌ಗೆ ಪಿಟ್ ರೆಡಿ ಇದೆ ಬಿಡಿ' ಎಂದ. ಮುನಿಲಕ್ಷ್ಮಮ್ಮ ಅವನನ್ನು ಅರ್ಧ ದಾರಿಯಲ್ಲಿ ಪ್ಯಾಸೆಂಜರ್ ಇಳಿಸುವ ಹಾಗೆ ಜಗಲಿಯಿಂದ ಇಳಿಸಿದಳು.

ಅಷ್ಟರಲ್ಲಿ ಇಂದಿರಾನಗರದ ಮಧುಕರ್ ಮತ್ತು ಸುಜಾತಾ ಸಿಕ್ಕರು. ಒಳ್ಳೆಯ ಗಂಡ ಹೆಂಡತಿ. ಹಳೇ ಮನೆ ಒಡೆಯದೆ ಅದರಲ್ಲೇ ಊಟದ ಹೋಟೆಲ್ ಮಾಡಬೇಕೆಂಬ ಆಸೆ ಅವರದು. ಅಡುಗೆಮನೆಯೊಳಗೆ ಬಾವಿ ಇದೆ ಎಂದು ಫೋನಿನಲ್ಲಿ ಹೇಳಿದ್ದೇ ತಡ ಸುಜಾತಾ ಕುಣಿದಾಡಿಬಿಟ್ಟರು. ನಾನು ಬುದ್ಧಿವಂತಿಕೆ ಮಾಡಿದೆ. ಹೊರಗಿನ ಅರ್ಧ ಇವರ ಕಣ್ಣಿಗೆ ಬೀಳದಿದ್ದರೆ ಕೆಲಸ ಸಲೀಸು ಎಂದುಕೊಂಡು, ಯಾರದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸ್ ತಂದು ಓಣಿ ಕಡೆಯ ಬಾವಿಗೆ ಹೊದಿಸಿ ಮೇಲೆ ಕಲ್ಲು ಹೇರಿದೆ. ಮುನಿಲಕ್ಷ್ಮಮ್ಮ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು, ಅವಳಿಗೆ ಇದು ಗೊತ್ತಿಲ್ಲ.

ನಾನು ಮರೆತದ್ದು ಒಂದೇ. ಗೋಡೆ ಇರುವುದು ಮೇಲೆ, ಕೆಳಗೆ ಬಾವಿ ಒಂದೇ.

ಗಂಡನ ಜೊತೆ ಮನೆ ನೋಡಲು ಬಂದ ಸುಜಾತಾ ಒಳಗಿನ ಕಟ್ಟೆಗೆ ಒರಗಿ, ಫೋನು ಹಿಡಿದು, ಕೆಳಗಿನ ನೀರಿನ ಫೋಟೋ ತೆಗೆಯುತ್ತಿದ್ದರು. ಪರ್ ಎಂದು ಏನೋ ಹರಿದ ಸದ್ದು. ಗೋಡೆಯ ಆ ಕಡೆಯಿಂದ ಬೆಳಕಿನ ಜೊತೆಗೆ ಒಂದು ನೀಲಿ ಬಕೆಟ್ ಧಡಧಡ ಇಳಿದು ಬಂತು. ಸುಜಾತಾ ಚೀರಿದರು. ಓಣಿಯ ಕಡೆಯಿಂದ ಹೆಂಗಸಿನ ದನಿ ಗುಡುಗಿತು: 'ಯಾವ ಮೂಳ ರೀ ಬಾವಿಗೆ ಫ್ಲೆಕ್ಸ್ ಹೊಚ್ಚಿದಾಂವ? ಟ್ಯಾಂಕರ್ ಬಂದಿಲ್ಲ, ಮನ್ಯಾಗ ಹನಿ ನೀರಿಲ್ಲ!'

ಆ ದನಿ ಜಟ್ಟೆಮ್ಮನದು. ಯಾದಗಿರಿ ಕಡೆಯವಳು. ಗಂಡ ನಿಂಗಣ್ಣ ಸೆಂಟ್ರಿಂಗ್ ಕಾಂಟ್ರ್ಯಾಕ್ಟರ್, ಅಂದರೆ ಕಾಂಕ್ರೀಟ್ ಹಾಕುವ ಮೊದಲು ಹಲಗೆ ಕಟ್ಟುವ ಕೆಲಸ. ಕೂಲಿಯಾಗಿ ಬಂದವನು, ಈಗ ಅವನ ಕೈಕೆಳಗೇ ಜನರಿದ್ದಾರೆ. ಆದರೂ ಸಂಸಾರ ಇನ್ನೂ ಓಣಿಯ ಬಾಡಿಗೆ ರೂಮಿನಲ್ಲೇ. ನೀರಿಲ್ಲದ ಆ ಬೇಸಿಗೆಯಲ್ಲಿ ಓಣಿಯವರಿಗೆಲ್ಲ ಪಾತ್ರೆಗೆ, ಬಟ್ಟೆಗೆ, ಸ್ನಾನಕ್ಕೆ ಈ ಅರ್ಧ ಬಾವಿಯೇ ಗತಿಯಾಗಿತ್ತು.

ಮುನಿಲಕ್ಷ್ಮಮ್ಮ ನನ್ನ ಮುಖ ನೋಡಿದಳು. ನಾನು ಹೆಂಚು ನೋಡಿದೆ.

ಮಧುಕರ್ ಮೆಲ್ಲಗೆ ಮಾತು ತೆಗೆದರು. 'ಮೇಡಂ, ಬಾವಿ ನಾವು ಖಂಡಿತ ಮುಚ್ಚಲ್ಲ. ಹೊರಗಡೆ ಮಾತ್ರ ಒಂದು ಗ್ರಿಲ್ ಹಾಕಿ ಲಾಕ್ ಮಾಡ್ಬೇಕಾಗುತ್ತೆ. ಯಾಕಂದ್ರೆ ಆ ಬಕೆಟ್‌ಗಳನ್ನ ಎಲ್ಲೆಲ್ಲಿ ಇಟ್ಟಿರ್ತಾರೋ ಏನೋ. ಅದೇ ನೀರು ನಮ್ಮ ಕಿಚನ್‌ಗೂ ಬರುತ್ತಲ್ಲ. ಬರೀ ಹೈಜೀನ್ ವಿಷ್ಯ, ಬೇರೇನಿಲ್ಲ.'

'ಸರ್, ಇದೇ ಮಾತನ್ನ ನಮ್ಮ ತಾತಂಗೂ ಹೇಳಿದ್ರು' ಎಂದಳು ಮುನಿಲಕ್ಷ್ಮಮ್ಮ. 'ನಿನ್ನ ಕೊಡ ಇಳಿದ ನೀರು ನಮ್ಮ ಮನೆಗೆ ಬರುತ್ತಲ್ಲ ಅಂತ. ಆಗ ಹೈಜೀನ್ ಅನ್ನೋ ಪದ ಗೊತ್ತಿರ್ಲಿಲ್ಲ, ಅಷ್ಟೇ.'

ಮಧುಕರ್ ಮುಖ ಕೆಂಪಾಯಿತು. ಕೆಟ್ಟ ಮನುಷ್ಯನಲ್ಲ, ಅವರಿಗೆ ನಿಜವಾಗಿ ನಾಚಿಕೆಯಾಗಿತ್ತು. ಆದರೆ ಗ್ರಿಲ್ ಬೇಡ ಎಂಬ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಮುನಿಲಕ್ಷ್ಮಮ್ಮ ಇಬ್ಬರಿಗೂ ಕಾಫಿ ಕೊಟ್ಟು, ಗೇಟಿನವರೆಗೂ ಬಂದು ಕಳಿಸಿಕೊಟ್ಟಳು. ಆಮೇಲೆ ನನಗೆ ಸಿಕ್ಕ ಮಂಗಳಾರತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ. ನನಗೂ ಸಿಟ್ಟು ಬಂದಿತ್ತು. 'ಅಕ್ಕಾ, ಈ ಬೆಂಗಳೂರಲ್ಲಿ ನಿಮ್ಮ ಷರತ್ತಿಗೆ ಒಪ್ಪೋ ಗಿರಾಕಿ ಹುಟ್ಟೇ ಇಲ್ಲ' ಎಂದು ಸ್ಕೂಟರ್ ಹತ್ತಿದೆ. 'ಹುಟ್ಟೋವರೆಗೂ ಕಾಯ್ತೀನಿ ಹೋಗೋ' ಎಂದಳು.

ಗಿರಾಕಿ ಹುಟ್ಟಿ ದೊಡ್ಡವನಾಗಿ ಓಣಿಯಲ್ಲೇ ಇದ್ದ. ಮರುವಾರ ನಿಂಗಣ್ಣ, ಭಾಮೈದ ಭೀಮುವನ್ನು ಕರೆದುಕೊಂಡು ನನ್ನ ಅಂಗಡಿಗೇ ಬಂದ. ಇಬ್ಬರೂ ಸೇರಿ, ಬ್ಯಾಂಕಿನ ಸಾಲವನ್ನೂ ಸೇರಿಸಿ, ಮನೆ ತೆಗೆದುಕೊಳ್ಳುತ್ತಾರಂತೆ. ನನಗೆ ನಂಬಿಕೆ ಬರಲಿಲ್ಲ. ಆದರೆ ಚೌಕಾಸಿ ಶುರುವಾದ ಮೇಲೆ ಬಂತು. ಸುಮ್ಮನೆ ಕೇಳಲು ಬಂದವರು ಹಾಗೆ ಜಗ್ಗಾಡುವುದಿಲ್ಲ. ಅವರನ್ನು ಮನೆಗೆ ಕರೆದುಕೊಂಡು ಹೋದಾಗ, ಬಾವಿಗೆ ಏನು ಮಾಡುತ್ತೀರಿ ಎಂದು ಮುನಿಲಕ್ಷ್ಮಮ್ಮ ಕೇಳಿದ್ದಕ್ಕೆ ಜಟ್ಟೆಮ್ಮ, 'ಏನ್ ಮಾಡೂದ್ರಿ ಅಕ್ಕಾ, ಸೇದೂದು' ಎಂದಳು.

ಪತ್ರ ಬರೆಸಲು ಎಲ್ಲರೂ ಕೆ.ಆರ್. ಪುರದ ಪತ್ರಬರಹಗಾರ ರಹೀಂ ಸಾಹೇಬರ ಮೇಜಿನ ಮುಂದೆ ಸೇರಿದೆವು. ಬಾವಿ ಮುಚ್ಚಬಾರದು ಎಂದು ಬರೆಯಿರಿ ಎಂದಳು ಮುನಿಲಕ್ಷ್ಮಮ್ಮ. ಸಾಹೇಬರು ಕನ್ನಡಕ ತೆಗೆದರು. 'ಬರೀಬಹುದಮ್ಮ. ಆದ್ರೆ ಮಾರಿದ್ಮೇಲೆ ಆಸ್ತಿ ಅವರ್ದು. ನಾಳೆ ಅವರು ಮುಚ್ಚಿದ್ರೆ, ಈ ಒಂದು ಸಾಲು ಹಿಡ್ಕೊಂಡು ಕೋರ್ಟಲ್ಲಿ ಗೆಲ್ಲೋದು ಕಷ್ಟ.'

'ಹಾಗಾದ್ರೆ ಹೊರಗಿನ ಅರ್ಧ ಮಾರಲ್ಲ' ಎಂದಳು ತಟ್ಟನೆ. 'ಮನೆ ಅವರಿಗೆ. ಆ ಅರ್ಧ ಬಾವಿ, ಅದರ ಸುತ್ತ ನಿಂತು ಸೇದೋಷ್ಟು ಜಾಗ ನನ್ನ ಹೆಸರಲ್ಲೇ ಇರ್ಲಿ. ನನ್ನ ನಂತ್ರ ಧನುಶ್ರೀಗೆ. ಅದಕ್ಕೆ ಎಷ್ಟು ಕಮ್ಮಿ ಆಗುತ್ತೋ ನನ್ನ ಪಾಲಲ್ಲಿ ಹಿಡ್ಕೊಳ್ಳಿ. ತಂಗಿಯರದ್ದು ಮುಟ್ಟಬೇಡಿ.'

ನಿಂಗಣ್ಣನ ಮುಖ ಬಾಡಿತು. 'ಇಷ್ಟ್ ದಿನಾ ಅಲ್ಲೇ ನೀರು ಸೇದೀವಿ. ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ ಅಕ್ಕಾ?'

'ನಿನ್ನ ಮೇಲಿದೆ ನಿಂಗಣ್ಣ. ನೀನು ನಾಳೆ ಯಾರಾಗ್ತೀಯೋ ಅವನ ಮೇಲಿಲ್ಲ. ಮನೆ ಓನರ್ ಆದ್ಮೇಲೆ ಜನ ಬೇರೆ ಆಗ್ತಾರಪ್ಪ. ನಾನು ದಿನಾ ನೋಡ್ತೀನಿ, ಫುಟ್‌ಬೋರ್ಡಲ್ಲಿ ನೇತಾಡ್ತಿದ್ದೋನೇ ಸೀಟು ಸಿಕ್ಕಿದ್ಮೇಲೆ, ಯಾಕ್ರೀ ಇಷ್ಟು ಜನಾನ ತುಂಬ್ತೀರ ಅಂತ ಬೈತಾನೆ.'

ನಿಂಗಣ್ಣ ಎದ್ದೇಬಿಟ್ಟ. ವ್ಯವಹಾರ ಕೆಟ್ಟಿತು ಎಂದುಕೊಂಡೆ. ಜಟ್ಟೆಮ್ಮ ಅವನ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. 'ಸುಮ್ಕ ಕೂಡ್ರಿ. ಅಕ್ಕ ಹೇಳೂದು ಖರೆ ಅದ. ನಾಳಿ ನೀವೇ ಒಂದು ಕಾರ್ ತಂದು, ಇಲ್ಲೇ ನಿಂದ್ರಸ್ತೀನಿ ಅಂದ್ರ ನಾ ಯಾರಿಗೆ ಹೇಳ್ಲಿ? ಬರೀರಿ ಸಾಹೇಬ್ರ, ಹೊರಗಿಂದು ಅಕ್ಕಂದು.'

ಸಾಹೇಬರು ಬರೆಯತೊಡಗಿದರು. ಜಟ್ಟೆಮ್ಮ ಮೇಜಿನ ಮೇಲೆ ಕೈಯೂರಿದಳು.

'ತಡೀರಿ, ಇನ್ನೊಂದು ಬರೀರಿ. ನಾಳಿ ಅಕ್ಕನ ಕಡೆಯವರು ಯಾರರ ಬಂದು ಆ ಅರ್ಧಕ್ಕ ಗ್ರಿಲ್ ಹಾಕಿದ್ರ, ಒಡೆದು ತೆಗಿಯೂ ಹಕ್ಕು ನಮಗದ. ಅಕ್ಕ ಇರೂತನ ಚಿಂತಿಲ್ಲ. ಆದ್ರ ಅಕ್ಕನ ಮಗಳನ್ನ ನಾ ಏನ್ ಬಲ್ಲೆ?'

ಮುನಿಲಕ್ಷ್ಮಮ್ಮನ ಹುಬ್ಬು ಗಂಟಿಕ್ಕಿತು. ಬಿಲ್ಡರನನ್ನು ಜಗಲಿಯಿಂದ ಇಳಿಸಿದಾಗಲೂ ಅವಳ ಕಣ್ಣು ಅಷ್ಟು ಕೆಂಪಾಗಿರಲಿಲ್ಲ. ಆಮೇಲೆ ನೋಡಿದರೆ ಆ ಕೆಂಪು ಸಿಟ್ಟಿನದಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

'ಇದೂ ಕೋರ್ಟಲ್ಲಿ ನಿಲ್ಲಲ್ಲಮ್ಮ' ಎಂದರು ಸಾಹೇಬರು.

'ಬರೀರಿ ಸಾಹೇಬ್ರೇ' ಎಂದಳು ಮುನಿಲಕ್ಷ್ಮಮ್ಮ. 'ನನ್ನ ಮಗಳನ್ನೂ ನಂಬದೋಳು ಬೇಕಾಗಿತ್ತು ನಂಗೆ. ಸಿಕ್ಕಿದ್ಲು.'