ಪ್ಯೂರಿಟನ್ನರಿಂದ ಎರವಲು ತಂದ ನಿಯಮ

ಟೆಕ್ಸಸ್ಸಿನ ಯೂಲೆಸ್‌ನಲ್ಲಿ ನಾನು ಮಕ್ಕಳಿಗೆ ನಡೆಸುವ ಕನ್ನಡ ಕ್ಲಾಸಿಗೆ ಶನಿವಾರ ಬೆಳಗ್ಗೆ ಸಿಕ್ಕಿದ್ದು ಒಂದು ಪುಟ್ಟ ಚರ್ಚಿನ ಹಾಲ್. ಮೊದಲ ದಿನ ಒಳಗೆ ಕಾಲಿಟ್ಟವಳೇ ಪೆಚ್ಚಾದೆ. ಬಿಳಿ ಗೋಡೆ, ಮರದ ಬೆಂಚು, ಅಷ್ಟೇ. ಒಂದು ಚಿತ್ರವಿಲ್ಲ, ಶಿಲುಬೆ ಕೂಡ ಇಲ್ಲ. ನಾನೋ ದೀಪದ ಕಂಬ, ಹೂವಿನ ಹಾರ ಎಲ್ಲ ಹೊತ್ತು ತಂದಿದ್ದೆ. ಚರ್ಚಿನ ಬೀಗದಕೈ ನೋಡಿಕೊಳ್ಳುತ್ತಿದ್ದವರು ಎಂಬತ್ತರ ಆಸುಪಾಸಿನ ಒಬ್ಬ ಹೆಂಗಸು, ಸ್ಕೂಲಿನಲ್ಲಿ ಹಿಸ್ಟರಿ ಹೇಳಿಕೊಟ್ಟು ರಿಟೈರ್ ಆದವರು. ಇಲ್ಲಿ ಅಲಂಕಾರ ಬೇಡ ಎಂದು ಮೆಲ್ಲಗೆ ಹೇಳಿದರು. ನಾನು ಮೊದಲೇ ಮುಂಗೋಪಿ. ದೇವರ ಮನೆಯಲ್ಲಿ ದೀಪ ಬೇಡ ಅನ್ನೋರು ಎಂಥಾ ಜನ ಅಂತ ಕೇಳಿಯೇಬಿಟ್ಟೆ. ಅವರು ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ, ನಾವು ಪ್ಯೂರಿಟನ್ನರ ಕಡೆಯವರು ಅಂದರು.

ಪ್ಯೂರಿಟನ್ ಅಂದರೆ ನನಗೆ ಗೊತ್ತಿದ್ದದ್ದು ಕಪ್ಪು ಟೋಪಿ, ಗಂಟುಮುಖ, ನಕ್ಕರೆ ಪಾಪ ಅನ್ನೋ ಜನ. ಅದನ್ನೂ ಬಾಯಿಬಿಟ್ಟು ಹೇಳಿದೆ. ಆ ಹೆಸರೇ ಆಗದವರು ಹಂಗಿಸಲು ಇಟ್ಟಿದ್ದು ಎಂದು ಆ ಹಿಸ್ಟರಿ ಟೀಚರಮ್ಮ ನಕ್ಕರು. ಅವತ್ತಿನಿಂದ ಕ್ಲಾಸ್ ಮುಗಿದ ಮೇಲೆ ನನ್ನ ಫ್ಲಾಸ್ಕಿನ ಕಾಫಿ, ಅವರ ಕತೆ.

ಇಂಗ್ಲೆಂಡಿನ ಚರ್ಚು ರೋಮಿನ ಪೋಪರಿಂದ ಬೇರೆಯಾದರೂ ಹಳೇ ಆಡಂಬರ ಬಿಟ್ಟಿಲ್ಲ, ಇನ್ನೂ ತಿಕ್ಕಿ ತೊಳೆಯಬೇಕು ಅಂದವರು ಇವರು. ಆದರೆ ತೊಳೆಯೋದು ಹೇಗೆ ಅನ್ನೋದರಲ್ಲಿ ಒಬ್ಬರಂತೆ ಒಬ್ಬರಿಲ್ಲ. ಒಳಗಿದ್ದೇ ಸರಿಮಾಡೋಣ ಅಂತ ಕೆಲವರು. ಹಿರಿಯರ ಮಂಡಳಿ ಎಲ್ಲ ಚರ್ಚುಗಳನ್ನೂ ನಡೆಸಲಿ ಅಂತ ಕೆಲವರು. ಆಯಾ ಊರಿನ ಸಭೆಗೆ ಅದೇ ಯಜಮಾನ, ಮೇಲಿನವರ ಅಪ್ಪಣೆ ಬೇಕಿಲ್ಲ ಅಂತ ಇನ್ನು ಕೆಲವರು. ಇದು ಆಗೋ ಹೋಗೋ ಮಾತಲ್ಲ ಎಂದು ಚರ್ಚನ್ನೇ ಬಿಟ್ಟು ಹಾಲೆಂಡಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಅಮೆರಿಕಾಕ್ಕೆ ಬಂದವರೂ ಉಂಟು. ಮೂರು ಜನ ಸೇರಿದರೆ ನಾಲ್ಕು ಸಂಘ ಕಟ್ಟುವ ನಮಗೆ ಇದೇನು ಹೊಸದೇ! ತಮಗೆ ಒಪ್ಪದವರನ್ನು ಅವರೂ ಊರು ಬಿಡಿಸಿದರು. ಅದನ್ನು ಟೀಚರಮ್ಮ ಮುಚ್ಚಿಡಲಿಲ್ಲ. ಆದರೂ ಆ ಜನ ದಿನಾ ಡೈರಿ ತೆಗೆದು ಪಕ್ಕದವರ ತಪ್ಪಲ್ಲ, ತಮ್ಮ ತಪ್ಪು ಬರೆದುಕೊಳ್ಳುತ್ತಿದ್ದರಂತೆ. ಮಕ್ಕಳು ಧರ್ಮಗ್ರಂಥವನ್ನು ತಾವೇ ಓದಬೇಕು ಎಂದು ಅಕ್ಷರ ಕಲಿಸಲು ಹಟ ಹಿಡಿದರಂತೆ. ನಿಜ ಹೇಳ್ತೀನಿ, ಆ ಜನದ ಮೇಲೆ ನನಗೆ ಗೌರವ ಬಂದುಬಿಟ್ಟಿತು.

ಅವರ ಒಂದು ಪದ್ಧತಿಯಂತೂ ನನ್ನ ತಲೆಯಲ್ಲೇ ಕೂತಿತು. ಅಮೆರಿಕಾದ ಅವರ ಎಷ್ಟೋ ಸಭೆಗಳಲ್ಲಿ ಪೂರ್ತಿ ಸದಸ್ಯರಾಗಬೇಕಾದರೆ ಎಲ್ಲರೆದುರು ಎದ್ದು ನಿಂತು, ದೇವರು ತನ್ನ ಮನಸ್ಸನ್ನು ಹೇಗೆ ಮುಟ್ಟಿದ ಎಂದು ಸ್ವಂತ ಮಾತಿನಲ್ಲಿ ಹೇಳಬೇಕಿತ್ತು. ಗಿಳಿಪಾಠ ನಡೆಯದು. ನಮ್ಮಲ್ಲಿ ನೋಡಿದರೆ, ರಾಜ್ಯೋತ್ಸವದ ಸ್ಟೇಜಿಗೆ ಅಪ್ಪ ಅಮ್ಮ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಟ್ಟು ಉರು ಹೊಡೆಸುತ್ತಿದ್ದರು. ನಾನು ನಿಯಮ ಮಾಡಿಯೇಬಿಟ್ಟೆ: ಕ್ಲಾಸಿನಲ್ಲಿ ಎರಡು ನಿಮಿಷ ಸ್ವಂತ ಕನ್ನಡ ಆಡಿದವರಿಗೆ ಮಾತ್ರ ಸ್ಟೇಜು. ದೂರದ ಊರು ಪ್ರಾಸ್ಪರ್‌ನಿಂದ ಮಕ್ಕಳನ್ನು ಕರೆತರುತ್ತಿದ್ದ ತಾಯಂದಿರು ಮುಖ ಊದಿಸಿಕೊಂಡರು. ನಾನು ಜಗ್ಗಲಿಲ್ಲ.

ಟೀಚರಮ್ಮ ಮಾತ್ರ ಎಚ್ಚರಿಸಿದರು. ಅದೇ ನಿಯಮ ಅವರ ಹಿರಿಯರ ಮನೆಯೊಳಗೇ ತಾಪತ್ರಯ ತಂದಿತ್ತಂತೆ. ಮಕ್ಕಳು ದೊಡ್ಡವರಾದರು, ನಂಬಿಕೆ ಇತ್ತು, ನಡತೆ ಇತ್ತು, ಆದರೆ ಎದ್ದು ನಿಂತು ಹೇಳುವಂಥ ಅನುಭವ ನಮಗಾಗಿಲ್ಲ ಎಂದು ಪ್ರಾಮಾಣಿಕವಾಗಿ ಸುಮ್ಮನಿದ್ದರು. ಹಾಗಾದರೆ ಅವರ ಮಕ್ಕಳಿಗೆ ಚರ್ಚಿಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಉಂಟೋ ಇಲ್ಲವೋ? ಮೊಮ್ಮಕ್ಕಳು ಹೊರಗೆ ನಿಲ್ಲುವುದನ್ನು ನೋಡಲಾರದೆ, ಜಗಳವಾಡಿ ಜಗಳವಾಡಿ, ದೀಕ್ಷಾಸ್ನಾನ ಉಂಟು, ಪೂರ್ತಿ ಹಕ್ಕು ಇಲ್ಲ ಅನ್ನುವ ಅರ್ಧ ಸದಸ್ಯತ್ವ ಅಂತ ಮಾಡಿಕೊಂಡರಂತೆ. ನಮ್ಮ ಮಕ್ಕಳಿಗೆ ಆ ತೊಂದರೆ ಬರಲ್ಲ ಬಿಡಿ ಎಂದು ಜಂಬದಿಂದ ಹೇಳಿ ಬಂದೆ.

ಅಕ್ಟೋಬರಿನ ಒಂದು ಶನಿವಾರ ನನ್ನ ಮಗನ ಮಗಳ ಸರದಿ. ಒಂಬತ್ತು ವರ್ಷ. ಪಕ್ಕದ ಊರು ಫ್ಲವರ್ ಮೌಂಡ್‌ನಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಹೊಸ ಲಂಗ ಹಾಕಿಕೊಂಡು ಸ್ಟೇಜ್ ಹತ್ತಬೇಕು ಎಂದು ಬೇಸಿಗೆಯಿಂದಲೇ ಕನವರಿಸುತ್ತಿದ್ದಳು. ಉರು ಹೊಡೆದು ಬರಬಹುದಿತ್ತು, ಅವಳಮ್ಮ ಬರೆದೂ ಕೊಟ್ಟಿದ್ದಳು. ಆ ಚೀಟಿಯನ್ನು ಬೆಂಚಿನ ಮೇಲೇ ಬಿಟ್ಟು ಮುಂದೆ ಬಂದು ನಿಂತಳು. ಮಾತು ಹೊರಡಲಿಲ್ಲ. ಇವಳನ್ನು ಹೇಗಾದರೂ ದಾಟಿಸಿಬಿಡೋಣ ಅಂತ ನನಗೆ ಅನ್ನಿಸಿತು. ತಾಯಂದಿರ ಕಣ್ಣೆಲ್ಲ ನನ್ನ ಮೇಲೇ. ಕೊನೆಗೆ ಏನಾದರೂ ಹೇಳು ಅಂದೆ.

ಅವಳು ಇಂಗ್ಲಿಷಿನಲ್ಲೇ ಹೇಳಿದಳು. "ಅಜ್ಜಿ, ಎಲ್ಲಾ ಅರ್ಥ ಆಗುತ್ತೆ. ಆದ್ರೆ ಇಲ್ಲಿ ಬಿಟ್ರೆ ನೀನು ನನ್ನ ಜೊತೆ ಕನ್ನಡ ಮಾತಾಡೋದೇ ಇಲ್ಲ."

ಅವಳು ಹೇಳಿದ್ದು ನಿಜ. ಊರಿನ ಮಕ್ಕಳಿಗೆಲ್ಲ ಕನ್ನಡ ಕಲಿಸುವವಳು ಮನೆಯಲ್ಲಿ ಊಟಕ್ಕೆ ಕರೆಯುವುದು ಇಂಗ್ಲಿಷಿನಲ್ಲಿ, ಹೋಮ್‌ವರ್ಕ್ ಮುಗೀತಾ ಅನ್ನುವುದು ಇಂಗ್ಲಿಷಿನಲ್ಲಿ, ಕತೆ ಹೇಳಿ ಮಲಗಿಸುವುದೂ ಇಂಗ್ಲಿಷಿನಲ್ಲಿ. ಗೊತ್ತಿಲ್ಲದೆ ಅಲ್ಲ. ಚೆನ್ನಾಗಿ ಗೊತ್ತಿತ್ತು.

ಬಾಗಿಲ ಹತ್ತಿರ ಟೀಚರಮ್ಮ ಬೀಗದಕೈ ಹಿಡಿದು ನಿಂತಿದ್ದರು. ಅವರಿಗೆ ಕನ್ನಡ ಬಾರದು, ಆದರೆ ನಾನು ಕುರ್ಚಿ ಬಿಟ್ಟು ಎದ್ದು ಮಕ್ಕಳು ನಿಲ್ಲುವ ಜಾಗಕ್ಕೆ ಹೋದಾಗ ಏನು ನಡೆಯುತ್ತಿದೆ ಎಂದು ಅಲ್ಲಿದ್ದವರಲ್ಲಿ ಅವರಿಗೇ ಮೊದಲು ತಿಳಿಯಿತು ಅಂತ ಕಾಣುತ್ತೆ. ಅವರ ಹಿರಿಯರ ಸಭೆಯಲ್ಲಿ ಕೇಳಲು ಕೂತವರಂತೆ ತಲೆ ತಗ್ಗಿಸಿ ಬೆಂಚಿನ ತುದಿಯಲ್ಲಿ ಕೂತರು.

"ತಪ್ಪು ನಂದು, ಕಂದ," ಅಂದೆ, ಎಲ್ಲರೆದುರಿಗೆ. "ಮನೇಲೂ ಕನ್ನಡ ಆಡಿದ್ರೆ ಕಷ್ಟ ಅಂತ ನೀನು ನನ್ನ ಹತ್ರ ಬರೋದೇ ಬಿಟ್ಟುಬಿಡ್ತೀಯೇನೋ ಅಂತ ಹೆದರಿಕೆ ಇತ್ತು."

ಒಂದು ಮಾತೂ ಬಿಡದೆ ಅವಳಿಗೆ ಅರ್ಥವಾಯಿತು. ಪಕ್ಕಕ್ಕೆ ಸರಿದು ನನಗೆ ನಿಲ್ಲಲು ಜಾಗ ಮಾಡಿಕೊಟ್ಟಳು. ನವೆಂಬರಿನಲ್ಲಿ ಮಾತು ಬಂದ ಮಕ್ಕಳು ಮೈಕಿನ ಮುಂದೆ ನಿಂತರು. ಅರ್ಥವಾದರೂ ಇನ್ನೂ ಮಾತು ಬಾರದ ಅರ್ಧ ಸದಸ್ಯರಿಗೆಂದು ಹಾಡಿನ ಗುಂಪಿನಲ್ಲಿ ಹಿಂದಿನ ಸಾಲು ಕೊಟ್ಟೆವು. ಅಲ್ಲಿ ಹೊಸ ಲಂಗ ಹಾಕಿಕೊಂಡು ಅವಳು ನಿಂತಳು, ಪಕ್ಕದಲ್ಲಿ ನಾನೂ ನಿಂತೆ.