ಕುಂಕುಮ ಹಚ್ಚಿದ್ದೇ ಮೂತಿ

ಅತ್ತೆ ಹೊಸ ದೋಣಿಯ ಹಿಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದೇಬಿಟ್ಟರು. ಕೆರೆ ದಂಡೆಯಲ್ಲಿ ನಿಂತಿದ್ದ ನನ್ನ ಗಂಡನ ಮುಖ ಸಣ್ಣದಾಯಿತು.

“ಅವ್ವಾ, ಅದು ಹಿಂದುಗಡೆ ಕಣವ್ವ. ಮೂತಿ ಈ ಕಡೆ ಅದೆ.”

ತಪ್ಪು ಅತ್ತೆಯದಲ್ಲ. ಗುಂಡ್ಲುಪೇಟೆಯಲ್ಲಿ ಗೇಟು, ಗ್ರಿಲ್ಲು ಮಾಡುವ ನನ್ನ ಗಂಡ ಮೊಬೈಲಿನಲ್ಲಿ ಯಾರೋ ಶ್ರೀಮಂತರ ಯಾಟ್ ಎಂಬ ಮೋಜಿನ ದೋಣಿ ನೋಡಿ, ಅದೇ ನಮೂನೆಯಲ್ಲಿ ತಗಡಿನ ದೋಣಿ ಮಾಡಿದ್ದರು. ಬೇರೆ ದೋಣಿಗಳ ಮೂತಿ ಮೇಲಕ್ಕೆ ಚಾಚಿಕೊಂಡಿದ್ದರೆ, ಇದರದು ಕೆಳದವಡೆ ಮುಂದೆ ಬಂದವರ ಹಾಗೆ ಕೆಳಗಡೆ ಮುಂದಕ್ಕೆ ಚಾಚಿ, ಮೇಲುಗಡೆ ಹಿಂದಕ್ಕೆ ವಾಲಿತ್ತು. ಹಿಂಭಾಗವೇ ಮಾಮೂಲಿ ಮೂತಿಯ ಹಾಗೆ ಮೇಲಕ್ಕೆದ್ದಿತ್ತು. ಈಗ ಅದೇ ಫ್ಯಾಷನ್ನಂತೆ. ನೋಡುವುದಕ್ಕೇನೋ ಚೆಂದವೇ ಇತ್ತು, ಯಾವ ಕಡೆಯಿಂದ ನೋಡಬೇಕೆಂಬುದೊಂದೇ ಗೊತ್ತಾಗುತ್ತಿರಲಿಲ್ಲ.

ಅತ್ತೆ ಬಗ್ಗಲಿಲ್ಲ. “ಅಚ್ಚಿದ್ ಕುಂಕುಮವ ಒರುಸ್ಬಾರ್ದು ಕಣ್ಲಾ. ಇದ್ನೇ ಮೂತಿ ಅನ್ಕೊಂಡು ಓಗು.”

ಗಂಡ ಕೇಳಲಿಲ್ಲ. ತಮ್ಮ ಡಿಸೈನಿನ ಪ್ರಕಾರವೇ ಹುಟ್ಟು ಹಾಕಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಫ್ಯಾಷನ್ ಮೂತಿ ನೀರಿಗೆ ತಲೆ ತೂರಿಸಿತು. ಇವರ ಪ್ಯಾಂಟು ಸೊಂಟದವರೆಗೆ ನೆನೆಯಿತು. ಚಂದಕವಾಡಿಯಿಂದ ಬಂದಿದ್ದ ನೆಂಟರೆಲ್ಲ ಸೆರಗಿನಲ್ಲೋ ಟವೆಲ್ಲಿನಲ್ಲೋ ಬಾಯಿ ಮುಚ್ಚಿಕೊಂಡರು. ಕೊನೆಗೆ ಇವರು ನೀರು ಮೊಗೆದು ಚೆಲ್ಲಿ, ಯಾರ ಕಡೆಗೂ ನೋಡದೆ, ತಿರುಗಿ ಕೂತು ಹುಟ್ಟು ಹಾಕಿದರು. ದೋಣಿ ಕುಂಕುಮ ಮುಂದು ಮಾಡಿಕೊಂಡು ನೆಟ್ಟಗೆ ಹೋಯಿತು.

ಈಗ ಮನೆಗೆ ಹೊಸ ಸ್ಕೂಟರು ಬಂದರೂ ಅತ್ತೆ ಕುಂಕುಮದ ಬಟ್ಟಲು ಹಿಡಿದು, ಮಗನನ್ನೇ ಕರೆದು ಕೇಳುತ್ತಾರೆ: “ಇದ್ರ ಮೂತಿ ಯಾವ್ದ್ಲಾ?”